ಬಾಳೆಹೊನ್ನೂರಿನ ಬೀಜ, ದಿಲ್ಲಿಯ ಸಾಲ

ಸಂಶೋಧನೆಗೆ ಸರ್ಕಾರ ದುಡ್ಡು ಹಾಕುವುದು ದಂಡ, ಅದನ್ನೆಲ್ಲ ಕಂಪನಿಗಳಿಗೆ ಬಿಡಿ ಎಂದು ಉಪದೇಶಿಸುವ ಪಂಡಿತರನ್ನು ಮೂಡಿಗೆರೆ ಕಡೆಯ ಹಳೇ ಅರೇಬಿಕಾ ತೋಟಕ್ಕೆ ಕರೆತನ್ನಿ. ಅಲ್ಲಿ ನಿಂತಿರುವ ಎಸ್.795 ತಳಿಯ ಕಾಫಿ ಗಿಡ ಯಾವ ಕಂಪನಿಯ ಕೊಡುಗೆ, ಕೇಳೋಣ.

1869ರಿಂದಾಚೆಗೆ ಎಲೆತುಕ್ಕು ರೋಗ ಸಿಲೋನಿನ ಕಾಫಿಯನ್ನೇ ನುಂಗಿ ಹಾಕಿತು. ನಮ್ಮ ಬೆಟ್ಟಗಳನ್ನೂ ಅದು ಬಿಟ್ಟಿರಲಿಲ್ಲ. 1925ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ತೆರೆಯಿತು. ತುಕ್ಕು ತಾಳುವ ಎಸ್.288 ಅನ್ನು ಕೆಂಟ್ಸ್ ಎಂಬ ತಳಿಯ ಜೊತೆ ಕೂಡಿಸಿ ಪಡೆದ ಎಸ್.795 ಬೆಳೆಗಾರರ ಕೈಸೇರಿದ್ದು 1945-46ರಲ್ಲಿ. ಇಪ್ಪತ್ತು ವರ್ಷ! ಮೂರು ತಿಂಗಳಿಗೊಮ್ಮೆ ಲಾಭದ ಲೆಕ್ಕ ಒಪ್ಪಿಸುವ ಯಾವ ಕಂಪನಿ ಅಷ್ಟು ಕಾಯುತ್ತದೆ? ಕಾದರೂ ಮಾರುವುದೇನನ್ನು? ಅರೇಬಿಕಾ ತನ್ನದೇ ಪರಾಗದಲ್ಲಿ ಕಾಯಿ ಕಟ್ಟುವ ಗಿಡ; ಒಮ್ಮೆ ಬೀಜ ತಂದವನು ಆಮೇಲೆ ತನ್ನ ತೋಟದಲ್ಲೇ ಸಸಿ ಎಬ್ಬಿಸಿಕೊಳ್ಳುತ್ತಾನೆ. ಹೀಗೆ ತೋಟದಿಂದ ತೋಟಕ್ಕೆ ಪುಕ್ಕಟೆ ಹಬ್ಬಿದ್ದರಿಂದಲೇ ನಾಡಿಗೆ ಲಾಭವಾಯಿತು.

2024-25ರಲ್ಲಿ ಕಾಫಿ ರಫ್ತು ಸುಮಾರು 180 ಕೋಟಿ ಡಾಲರ್ ಮುಟ್ಟಿತೆಂದು ದಿಲ್ಲಿ ಬೆನ್ನು ತಟ್ಟಿಕೊಂಡಿತು. (ಅದರಲ್ಲಿ ಬೆಲೆ ಏರಿದ್ದರ ಪಾಲೇ ದೊಡ್ಡದು, ಇರಲಿ.) ಆದರೆ ಸಂಶೋಧನೆಗೆ ಈ ದೇಶ ಖರ್ಚು ಮಾಡುವುದು ಒಟ್ಟು ಉತ್ಪನ್ನದ ಶೇ. 0.64 ಮಾತ್ರ, ದಕ್ಷಿಣ ಕೊರಿಯಾ ಶೇ. 5ರ ಹತ್ತಿರ ಇದೆ. 2025ರಲ್ಲಿ ಕೇಂದ್ರ 1 ಲಕ್ಷ ಕೋಟಿ ರೂಪಾಯಿಯ ಸಂಶೋಧನಾ ನಿಧಿಗೆ ಒಪ್ಪಿಗೆ ಕೊಟ್ಟಿತು. ಯಾರಿಗೆ? ಖಾಸಗಿ ಉದ್ಯಮಕ್ಕೆ, ಕಡಿಮೆ ಬಡ್ಡಿಗೆ ಇಲ್ಲವೇ ಬಡ್ಡಿಯೇ ಇಲ್ಲದೆ ಸಾಲ. ಕಾಫಿಯ ಕಾಂಡಕೊರಕ ಹುಳದ ಸಂಶೋಧನೆಗೆ ಯಾವ ಉದ್ಯಮಿ ಸಾಲ ಎತ್ತುತ್ತಾನೆ ಸ್ವಾಮಿ?

ಆ ಬಿಳಿ ಕಾಂಡಕೊರಕಕ್ಕೆ ಜಗ್ಗದ ಅರೇಬಿಕಾ ತಳಿ ಇವತ್ತಿಗೂ ಇಲ್ಲ. ಇರುವ ಮುಖ್ಯ ಮದ್ದು ಹೆಣ್ಣಾಳಿನ ಕೈ. ಒಂದೊಂದೇ ಗಿಡದ ಬುಡಕ್ಕೆ ಬಗ್ಗಿ ಕಾಂಡ ತಡವುತ್ತಾಳೆ. ತೊಗಟೆಯ ಮೇಲೆ ಉಂಗುರದಂಥ ಉಬ್ಬು ಸಿಕ್ಕರೆ ಗುರುತು ಹಾಕುತ್ತಾಳೆ. ಆಮೇಲೆ ಗಿಡ ಕಿತ್ತು ಸುಡಬೇಕು. ಸೀಳಿ ನೋಡಿದರೆ ಒಳಗೆಲ್ಲ ಹುಳ ಕೊರೆದು ತುಂಬಿಟ್ಟ ಗಟ್ಟಿ ಪುಡಿ. ಕಳಸದ ಇಳಿಜಾರಿನಲ್ಲಿ ದಿನವಿಡೀ ಹೀಗೆ ಬಗ್ಗಿದವಳು ಸಂಜೆ ಕೂಲಿಗಳ ಲೈನ್ ಮನೆಗೆ ಹೋಗಿ ಸೊಂಟಕ್ಕೆ ಬಿಸಿನೀರು ಕಾಸಿಕೊಳ್ಳುತ್ತಾಳೆ. ದೇಶದ ಬೆಳವಣಿಗೆಯ ಲೆಕ್ಕದಲ್ಲಿ ರಫ್ತಿನ ಡಾಲರ್ ಬರುತ್ತದೆ, ಇವಳ ಸೊಂಟ ಬರುವುದಿಲ್ಲ.

ದೊಡ್ಡ ಪ್ಲಾಂಟರುಗಳೇ, ನಿಮಗೂ ಒಂದು ಮಾತು. ಕಾಫಿಯನ್ನೆಲ್ಲ ಸರ್ಕಾರಿ ಮಂಡಳಿಗೇ ಒಪ್ಪಿಸುವ ಪೂಲ್ ಪದ್ಧತಿ ಬೇಡ, ಮಾರುಕಟ್ಟೆ ಸಾಕು ಎಂದು ಕೂಗಿ 1996ರ ಹೊತ್ತಿಗೆ ಪೂರ್ತಿ ಬಿಡುಗಡೆ ಪಡೆದಿರಿ. ಬೆಲೆ ಬಂದಾಗ ಮಾರುಕಟ್ಟೆ, ಕಾಂಡಕೊರಕ ಬಂದಾಗ ಸರ್ಕಾರ! ನಿಮ್ಮ ತೋಟದ ಬೇರಿಗೆ ದುಡ್ಡು ಸುರಿದದ್ದು ಮೈಸೂರು ಸೀಮೆಯಲ್ಲಿ ಕಂದಾಯ ಕಟ್ಟಿದ ರಾಗಿ ರೈತ. ಅವನು ಕಾಫಿಯ ಗಿಡವನ್ನೇ ಕಂಡಿದ್ದನೋ ಇಲ್ಲವೋ.

ದಿಲ್ಲಿಯವರೇ, ಬಾಳೆಹೊನ್ನೂರಿನ ಕೇಂದ್ರಕ್ಕೆ ಇಪ್ಪತ್ತು ವರ್ಷದ ಹಣ ಮೊದಲೇ ತೆಗೆದಿಡಿ; ಬಜೆಟ್ಟಿನಿಂದ ಬಜೆಟ್ಟಿಗೆ ಕೈಯೊಡ್ಡಿಸಬೇಡಿ. ಅಲ್ಲಿ ಯಾವ ಪ್ರಯೋಗ ಮೊದಲು ಎಂದು ತೀರ್ಮಾನಿಸುವ ದಿನ, ಗಿಡ ತಡವುವ ಆ ಹೆಂಗಸನ್ನೂ ಕರೆಸಿ, ಕೂರಲು ಕುರ್ಚಿ ಕೊಡಿ. ಆ ದಿನದ ಕೂಲಿಯನ್ನೂ ಕೊಡಿ.