ಪರಿಹಾರ ಒಂದೇ ಬಾರಿ, ಕೃತಕ ಕಾಲು ಮತ್ತೆ ಮತ್ತೆ

ಹಾಸನ: 2025ರ ಸೆಪ್ಟೆಂಬರ್ 12ರ ರಾತ್ರಿ ಹೊಳೆನರಸೀಪುರ ರಸ್ತೆಯ ಮೊಸಳೆಹೊಸಹಳ್ಳಿಯಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯ ಮೇಲೆ ಲಾರಿ ನುಗ್ಗಿದ ದುರಂತವನ್ನು ಜಿಲ್ಲೆ ಮರೆಯುವಂತಿಲ್ಲ. ಮೃತರ ಕುಟುಂಬಗಳಿಗೆ ಸರ್ಕಾರಗಳು ಪರಿಹಾರ ಪ್ರಕಟಿಸಿದವು. ಗಾಯಾಳುಗಳಿಗೆ ಪ್ರಧಾನಿ ಪರಿಹಾರ ನಿಧಿಯಿಂದ ತಲಾ 50 ಸಾವಿರ ರೂ. ಘೋಷಣೆಯಾಯಿತು.

ಇಂತಹ ಸಂದರ್ಭಗಳಲ್ಲಿ ಮೊದಲ ವಾರದ ನೆರವು ಬೇಗ ಬರುತ್ತದೆ. ಆದರೆ ರಸ್ತೆ ಅಪಘಾತದಲ್ಲಿ ಕಾಲು ಕಳೆದುಕೊಂಡವರ ಅಥವಾ ಬೆನ್ನುಹುರಿಗೆ ಪೆಟ್ಟು ಬಿದ್ದವರ ಮುಂದಿನ ಮೂವತ್ತು, ನಲವತ್ತು ವರ್ಷಗಳ ವೆಚ್ಚ ತೀರ್ಮಾನವಾಗುವುದು ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ. ಅದೂ ಒಂದೇ ಬಾರಿ.

ಅಂತಿಮ ತೀರ್ಪಿನ ನಂತರ ಚಿಕಿತ್ಸಾ ವೆಚ್ಚಕ್ಕಾಗಿ ಮತ್ತೊಂದು ತೀರ್ಪು ನೀಡಲು ಕಾಯ್ದೆಯಲ್ಲಿ ಅವಕಾಶವಿಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲಿಯೇ ಹೇಳಿದೆ. ಆದ್ದರಿಂದ ಭವಿಷ್ಯದ ವೆಚ್ಚವನ್ನು ತೀರ್ಪಿನ ಹೊತ್ತಿನಲ್ಲಿಯೇ ಲೆಕ್ಕಹಾಕಬೇಕು. ಅರ್ಜಿದಾರರು ಕೇಳಿದ್ದಕ್ಕಿಂತ ಹೆಚ್ಚಿನ ಮೊತ್ತವೇ ನ್ಯಾಯಯುತವೆಂದು ಕಂಡರೆ ಅದನ್ನೂ ನೀಡಬಹುದು ಎಂಬುದು ಅದೇ ತೀರ್ಪಿನ ಸಾರ.

ಸಮಸ್ಯೆ ಇರುವುದು ಇಲ್ಲಿಯೇ. ಕೃತಕ ಕಾಲು ಒಮ್ಮೆ ಕೊಂಡರೆ ಮುಗಿಯುವ ವಸ್ತುವಲ್ಲ. ಕತ್ತರಿಸಿದ ಭಾಗ ಕಾಲಕ್ರಮೇಣ ಸೊರಗಿದಂತೆ ಅದನ್ನು ಕೂರಿಸುವ ಬಟ್ಟಲು ಸಡಿಲವಾಗುತ್ತದೆ, ಪಾದ ಸವೆಯುತ್ತದೆ, ಬೆಳೆಯುವ ಮಕ್ಕಳಿಗಂತೂ ಅಳತೆಯೇ ಬದಲಾಗುತ್ತದೆ. ಕೃತಕ ಅಂಗದ ಬಾಳಿಕೆ ಐದಾರು ವರ್ಷ ಮಾತ್ರ ಎಂಬುದನ್ನು ಗಮನಿಸಿದ ಸುಪ್ರೀಂ ಕೋರ್ಟ್, 2022ರ ಡಿಸೆಂಬರಿನಲ್ಲಿ ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ಹೊಸ ಅಂಗಗಳ ಬೆಲೆಯ ಜೊತೆಗೆ ನಿರ್ವಹಣಾ ವೆಚ್ಚವನ್ನೂ ಪ್ರತ್ಯೇಕವಾಗಿ ನೀಡಿತು.

ತಂತ್ರಜ್ಞಾನ ಮುಂದುವರಿದಂತೆ ಬೆಲೆಯ ಅಂತರವೂ ಹಿಗ್ಗಿದೆ. ಮೈಕ್ರೋಪ್ರೊಸೆಸರ್ ಅಳವಡಿಸಿದ ಆಮದು ಮೊಣಕಾಲಿಗೆ 10ರಿಂದ 60 ಲಕ್ಷ ರೂ. ಆಗುತ್ತದೆಂದು ಇಸ್ರೋ 2022ರಲ್ಲಿ ತಿಳಿಸಿತ್ತು. ತಾನು ರೂಪಿಸುತ್ತಿರುವ ಮೊಣಕಾಲು 4ರಿಂದ 5 ಲಕ್ಷ ರೂ.ಗೆ ದೊರೆಯಬಹುದೆಂಬ ನಿರೀಕ್ಷೆಯನ್ನೂ ವ್ಯಕ್ತಪಡಿಸಿತ್ತು. ಅದೇ ವರ್ಷ ಮದ್ರಾಸ್ ಐಐಟಿಯು ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಮುಂತಾದ ಸಂಸ್ಥೆಗಳೊಡನೆ 'ಕದಂ' ಎಂಬ ಸ್ವದೇಶಿ ಮೊಣಕಾಲನ್ನು ಹೊರತಂದಿತು. ಯಾವ ಅಂಗ ಅಗತ್ಯ, ಏಕೆ ಅಗತ್ಯ ಎಂಬುದಕ್ಕೆ ಸಾಕ್ಷ್ಯವಿಲ್ಲದಿದ್ದರೆ ಈ ಪ್ರಗತಿ ಗಾಯಾಳುವಿಗೆ ಸುದ್ದಿಯಾಗಿಯೇ ಉಳಿಯುತ್ತದೆ.

ಎರಡನೆಯ ತೊಡಕು ಅಂಗವೈಕಲ್ಯದ ಶೇಕಡಾವಾರು. ವೈದ್ಯರ ಪ್ರಮಾಣಪತ್ರದ ಅಂಕಿಯೇ ದುಡಿಮೆಯ ನಷ್ಟದ ಅಂಕಿಯಲ್ಲ, ವೃತ್ತಿಯನ್ನು ನೋಡಿ ನಿರ್ಧರಿಸಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ವಿವರಿಸಿತು. ಕರ್ನಾಟಕದ ತರಕಾರಿ ವ್ಯಾಪಾರಿಯೊಬ್ಬರ ಪ್ರಕರಣ ಇದಕ್ಕೆ ನಿದರ್ಶನ. ಕಾಲು ಕಳೆದುಕೊಂಡ ಅವರ ದುಡಿಮೆಯ ನಷ್ಟವನ್ನು ಹೈಕೋರ್ಟ್ ಶೇ. 65 ಎಂದಿತ್ತು. ತರಕಾರಿ ಮಾರುವುದೆಂದರೆ ಕುಳಿತಿರುವುದಷ್ಟೇ ಅಲ್ಲ, ಸಗಟು ಮಾರುಕಟ್ಟೆಯಿಂದ ತರುವುದು, ಗಾಡಿ ತಳ್ಳುವುದೂ ಅದರಲ್ಲಿ ಸೇರಿದೆ ಎಂದ ಸುಪ್ರೀಂ ಕೋರ್ಟ್ 2014ರಲ್ಲಿ ಅದನ್ನು ಶೇ. 85ಕ್ಕೆ ಏರಿಸಿತು. ಅರಕಲಗೂಡಿನ ತಂಬಾಕು ಹೊಲದಲ್ಲಿ ದುಡಿಯುವವರಿಗೂ ಈ ತರ್ಕ ಅನ್ವಯಿಸುತ್ತದೆ. ಕೆಸರಿನಲ್ಲಿ ನಡೆಯಲಾಗದ ರೈತನಿಗೆ ಪ್ರಮಾಣಪತ್ರದ ಶೇ. 40 ಎಂಬುದು ಅರ್ಧ ಸತ್ಯ.

ಅಪಘಾತದಿಂದ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ರಾಜ್ಯದ ಬಾಲಕನೊಬ್ಬನಿಗೆ ಹೈಕೋರ್ಟ್ 13.46 ಲಕ್ಷ ರೂ. ನಿಗದಿಪಡಿಸಿತ್ತು. 2022ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು 49.93 ಲಕ್ಷಕ್ಕೆ ಏರಿಸಿತು. ಆರೈಕೆ ಮಾಡುವವರ ವೆಚ್ಚವೂ ಅದರಲ್ಲಿ ಸೇರಿತ್ತು. ಅಪಘಾತ ನಡೆದದ್ದು 2010ರಲ್ಲಿ. ನಡುವಿನ ಹನ್ನೊಂದು ವರ್ಷಗಳ ಆರೈಕೆಯ ಹೊರೆ ಕುಟುಂಬದ್ದು.

ಅರ್ಜಿ ಸಲ್ಲಿಸಲು ಅಪಘಾತದ ಸ್ಥಳಕ್ಕೇ ಅಲೆಯಬೇಕಿಲ್ಲ. ಚನ್ನರಾಯಪಟ್ಟಣದ ಹೆದ್ದಾರಿಯಲ್ಲಿ ಗಾಯಗೊಂಡವರು ತಾವು ವಾಸಿಸುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲಿಯೂ ದಾವೆ ಹೂಡಬಹುದು. ಆದರೆ 2022ರ ಏಪ್ರಿಲ್ 1ರಂದು ಜಾರಿಗೆ ಬಂದ ತಿದ್ದುಪಡಿ ಇದಕ್ಕೆ ಆರು ತಿಂಗಳ ಗಡುವು ವಿಧಿಸಿದೆ. ವಿಳಂಬದ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ನೀಡಿತಾದರೂ, ಅದನ್ನೇ ನಂಬಿ ಕೂರುವುದು ಜಾಣತನವಲ್ಲ.

ಗಡುವಿನಷ್ಟೇ ಮುಖ್ಯವಾದುದು ದಾಖಲೆ. ಆಸ್ಪತ್ರೆಯ ಬಿಲ್ಲುಗಳನ್ನು ಎಲ್ಲರೂ ಜೋಪಾನ ಮಾಡುತ್ತಾರೆ. ಅವು ಕಳೆದುಹೋದ ದಿನಗಳ ಲೆಕ್ಕ. ಕೃತಕ ಅಂಗದ ದರಪಟ್ಟಿ, ಅದರ ಬಾಳಿಕೆ ಕುರಿತ ತಜ್ಞರ ಹೇಳಿಕೆ, ಗಾಲಿಕುರ್ಚಿಯ ಹಾಗೂ ಆರೈಕೆಯ ವೆಚ್ಚ, ಇವು ಬರಲಿರುವ ದಿನಗಳ ಲೆಕ್ಕ. ನ್ಯಾಯಮಂಡಳಿಯ ಮುಂದೆ ಈ ಎರಡನೆಯ ಲೆಕ್ಕ ಬಾರದಿದ್ದರೆ, ಮೊದಲ ಕೃತಕ ಕಾಲು ಸವೆಯುವ ಹೊತ್ತಿಗೆ ಪರಿಹಾರದ ಹಣವೂ ಸವೆದಿರುತ್ತದೆ.