ಶಾಪಕ್ಕೆ ಸೊಪ್ಪು ಹಾಕದ ಮೇಷ್ಟ್ರು

ಹೆಚ್ಚು ಕಪ್ ಗೆದ್ದ ಆಟಗಾರನೇ ಮುಂದೆ ಒಳ್ಳೆಯ ತರಬೇತುದಾರನಾಗುತ್ತಾನೆ ಎಂಬ ನಂಬಿಕೆ ಎಲ್ಲ ಆಟಗಳಲ್ಲೂ ಇದೆ. ಐರ್ಲೆಂಡಿನ ಹರ್ಲಿಂಗ್ ಆಟದ ಜೆರ್ ಲಾಕ್ನನ್ ಅವರನ್ನು ನೋಡಿದರೆ ಆ ನಂಬಿಕೆಯನ್ನು ಮತ್ತೆ ಪರೀಕ್ಷಿಸಬೇಕು ಅನ್ನಿಸುತ್ತದೆ. ಆಟಗಾರರಾಗಿ ಅವರು ನಿರ್ಣಾಯಕ ಪಂದ್ಯಗಳಲ್ಲಿ ಸೋತದ್ದೇ ಹೆಚ್ಚು. ಸೋಲು ಏಕೆ ಬರುತ್ತದೆ ಎಂಬುದನ್ನು ಒಳಗಿನಿಂದ ಅರಿತಿದ್ದರಿಂದಲೇ ಅವರು ದೊಡ್ಡ ಮ್ಯಾನೇಜರ್ ಆದರು ಎಂಬುದು ನನ್ನ ದೃಢ ನಂಬಿಕೆ.

ಹರ್ಲಿಂಗ್ ನೋಡದವರಿಗಾಗಿ ಎರಡು ಮಾತು. ತಂಡಕ್ಕೆ 15 ಜನ. ಎಲ್ಲರ ಕೈಯಲ್ಲೂ ಸಾಂಪ್ರದಾಯಿಕವಾಗಿ ಆಶ್ ಮರದಿಂದ ಮಾಡುವ, ತುದಿ ಅಗಲವಾದ ಕೋಲು. ಚರ್ಮ ಹೊದಿಸಿದ ಸಣ್ಣ ಚೆಂಡು ಹೆಚ್ಚಿನ ಹೊತ್ತು ಗಾಳಿಯಲ್ಲೇ ಇರುತ್ತದೆ. ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ಹಾಯಿಸಿದರೆ 1 ಪಾಯಿಂಟ್. ಕೆಳಗಿನ ಬಲೆಗೆ ಹೊಡೆದರೆ ಗೋಲು, ಅದು 3 ಪಾಯಿಂಟ್‌ಗೆ ಸಮ. ಆಡುವವರಿಗೆ ಸಂಬಳವಿಲ್ಲ. ಹಗಲು ಸ್ವಂತ ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುತ್ತಾರೆ. ಸಾಮಾನ್ಯವಾಗಿ ಹುಟ್ಟಿ ಬೆಳೆದ ಕೌಂಟಿಗೇ ಆಡುತ್ತಾರೆ. ಆದ್ದರಿಂದ ಕೌಂಟಿ ಸೋತರೆ ಸೋಲು ಪ್ರತಿ ಮನೆಗೂ ತಟ್ಟುತ್ತದೆ.

ಲಾಕ್ನನ್ ಅವರದು ಪಶ್ಚಿಮ ಐರ್ಲೆಂಡಿನ ಕ್ಲೇರ್ ಕೌಂಟಿ. ಊರು ಫೀಕಲ್. ವೃತ್ತಿಯಿಂದ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದರು. ರಕ್ಷಣಾ ಸಾಲಿನಲ್ಲಿ ಆಡುತ್ತಿದ್ದ ಅವರು 1974ರಲ್ಲಿ ವರ್ಷದ ಶ್ರೇಷ್ಠ ಆಟಗಾರರಿಗೆ ಕೊಡುವ ಆಲ್ ಸ್ಟಾರ್ ಪ್ರಶಸ್ತಿಯನ್ನು ಕ್ಲೇರ್‌ಗೆ ಮೊದಲ ಬಾರಿ ತಂದುಕೊಟ್ಟರು. 1977 ಮತ್ತು 1978ರಲ್ಲಿ ಕ್ಲೇರ್ ರಾಷ್ಟ್ರೀಯ ಲೀಗ್ ಗೆದ್ದಿತು. ಅದೇ ಎರಡು ವರ್ಷ ಮನ್‌ಸ್ಟರ್ ಪ್ರಾಂತ್ಯದ ಫೈನಲ್‌ನಲ್ಲಿ ಕಾರ್ಕ್ ಎದುರು ಸೋತಿತು. ದೇಶದ ಒಳ್ಳೊಳ್ಳೆಯ ತಂಡಗಳನ್ನು ಲೀಗ್‌ನಲ್ಲಿ ಸೋಲಿಸಿದವರೇ ಮನ್‌ಸ್ಟರ್ ಫೈನಲ್ ಬಂದರೆ ಕುಗ್ಗಿಹೋಗುತ್ತಿದ್ದರು. 1981, 1986ರಲ್ಲೂ ಹಾಗೇ ಆಯಿತು. ಅಲ್ಲಿಯವರೆಗೆ ಕ್ಲೇರ್ ಕೊನೆಯ ಬಾರಿ ಮನ್‌ಸ್ಟರ್ ಗೆದ್ದದ್ದು 1932ರಲ್ಲಿ, ಇಡೀ ದೇಶದ ಚಾಂಪಿಯನ್ ಪಟ್ಟವಾದ ಆಲ್ ಐರ್ಲೆಂಡ್ ಗೆದ್ದದ್ದು 1914ರಲ್ಲಿ.

ಇಷ್ಟು ದೀರ್ಘ ಸೋಲಿಗೆ ಜನ ಒಂದು ಕಾರಣ ಹುಡುಕಿಕೊಂಡಿದ್ದರು. ನಾಟಿ ಔಷಧಿ ಕೊಡುತ್ತಿದ್ದ, ಮಾಟಗಾತಿ ಎಂದು ಹೆಸರಾಗಿದ್ದ ಬಿಡ್ಡಿ ಅರ್ಲಿ ಎಂಬಾಕೆ ಕ್ಲೇರ್ ತಂಡಕ್ಕೆ ಶಾಪ ಹಾಕಿದ್ದಾಳೆ ಎಂಬ ಮಾತು ಮನೆಮಾತಾಗಿತ್ತು. ಆಕೆ ಬದುಕಿದ್ದೂ ಮಣ್ಣಾದದ್ದೂ ಲಾಕ್ನನ್ ಹುಟ್ಟೂರಾದ ಫೀಕಲ್ ಸೀಮೆಯಲ್ಲೇ. ಆಕೆ ತೀರಿಕೊಂಡದ್ದು 1874ರಲ್ಲಿ. ಕೌಂಟಿ ತಂಡಗಳ ಈ ಪಂದ್ಯಾವಳಿಯನ್ನು ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಹುಟ್ಟಿದ್ದು 1884ರಲ್ಲಿ. ಇಲ್ಲದ ತಂಡಕ್ಕೆ ಆಕೆ ಶಾಪ ಹಾಕುವುದಾದರೂ ಹೇಗೆ? ಆದರೂ ಮಾತು ಉಳಿಯಿತು, ಏಕೆಂದರೆ ಅದರಿಂದ ನೆಮ್ಮದಿ ಸಿಗುತ್ತಿತ್ತು. ಹಣೆಬರಹವೇ ಹೀಗೆಂದ ಮೇಲೆ ಯಾರೂ ಯಾರನ್ನೂ ಪ್ರಶ್ನಿಸಬೇಕಾಗಿಲ್ಲ.

1993ರ ಮನ್‌ಸ್ಟರ್ ಫೈನಲ್‌ನಲ್ಲಿ ಟಿಪರೆರಿ ಕ್ಲೇರ್ ತಂಡವನ್ನು 18 ಪಾಯಿಂಟ್‌ಗಳಿಂದ ಸದೆಬಡಿಯಿತು. ಮರುವರ್ಷ ಲಿಮರಿಕ್ ಮಣಿಸಿತು. ಆಮೇಲೆ ಲಾಕ್ನನ್ ತಂಡದ ಹೊಣೆ ಹೊತ್ತರು. ಹಣೆಬರಹದ ಮಾತನ್ನು ಅವರು ಹತ್ತಿರ ಸೇರಿಸಲಿಲ್ಲ. ತರಬೇತುದಾರ ಮೈಕ್ ಮೆಕ್‌ನಮಾರಾ ಚಳಿಗಾಲದ ಕತ್ತಲಲ್ಲಿ ಹುಡುಗರನ್ನು ಕೆಸರಿನಲ್ಲಿ ಓಡಿಸಿದರು, ಶಾನನ್ ಊರಿನ ಗುಡ್ಡ ಹತ್ತಿಸಿ ಇಳಿಸಿದರು. ಲಾಕ್ನನ್ ಚೆಂಡಿನ ಅಭ್ಯಾಸದಲ್ಲಿ ಆಟದ ವೇಗ ಹೆಚ್ಚಿಸಿದರು. ಕೊನೆಯ ಹತ್ತು ನಿಮಿಷದಲ್ಲಿ ಕಾಲು ಸೋಲಬಾರದು, ಕಾಲು ಸೋಲದಿದ್ದರೆ ಮನಸ್ಸೂ ಸೋಲುವುದಿಲ್ಲ ಎಂಬುದು ಆ ಕಠಿಣ ಅಭ್ಯಾಸದ ತಿರುಳು. ಆ ಹತ್ತು ನಿಮಿಷ ಎಂಥದ್ದೆಂದು ಮೈದಾನದಲ್ಲೇ ನಿಂತು ಕಂಡವರು ಲಾಕ್ನನ್.

1995ರಲ್ಲಿ ಫಲ ಕಂಡಿತು. ಮನ್‌ಸ್ಟರ್ ಸೆಮಿಫೈನಲ್‌ನಲ್ಲಿ ಕಾರ್ಕ್ ಎದುರು ಕ್ಲೇರ್‌ನ ಶಾನಿ ಮೆಕ್‌ಮಹನ್ ಅವರ ಕಾಲರ್ ಬೋನ್ ಮುರಿಯಿತು. ಬದಲಿ ಆಟಗಾರರೆಲ್ಲ ಆಗಲೇ ಇಳಿದಾಗಿತ್ತು. ರಕ್ಷಣೆಯ ಬೆನ್ನೆಲುಬಾಗಿದ್ದ ಅವರು ಮುಂದಿನ ಸಾಲಿನ ಮೂಲೆಗೆ ಹೋಗಿ ನಿಂತರು. ಆ ಸ್ಥಿತಿಯಲ್ಲೂ ಎದುರಾಳಿಯನ್ನು ಬೆನ್ನಟ್ಟಿ ಚೆಂಡು ಗೆರೆಯಾಚೆ ಹೋಗುವಂತೆ ಮಾಡಿದರು. ಆ ಲೈನ್ ಬಾಲ್‌ನಿಂದಲೇ ಆಲಿ ಬೇಕರ್ ಗೆಲುವಿನ ಗೋಲು ಹೊಡೆದರು. ಫೈನಲ್‌ನಲ್ಲಿ ಲಿಮರಿಕ್ ವಿರುದ್ಧ ಪೆನಾಲ್ಟಿ ಹೊಡೆಯಲು ಗೋಲ್‌ಕೀಪರ್ ಡೇವಿ ಫಿಟ್ಜ್‌ಜೆರಾಲ್ಡ್ ಮೈದಾನ ದಾಟಿ ಬಂದರು. ಗೋಲು ಹೊಡೆದವರೇ ತಿರುಗಿ ತಮ್ಮ ಕಂಬಗಳ ಕಡೆ ಒಂದೇ ಉಸಿರಿಗೆ ಓಡಿದರು. 63 ವರ್ಷಗಳ ಮೇಲೆ ಮನ್‌ಸ್ಟರ್ ಕ್ಲೇರ್‌ಗೆ ದಕ್ಕಿತು.

ಸೆಪ್ಟೆಂಬರ್ 3ರಂದು ಡಬ್ಲಿನ್‌ನ ಕ್ರೋಕ್ ಪಾರ್ಕಿನಲ್ಲಿ ಆಲ್ ಐರ್ಲೆಂಡ್ ಫೈನಲ್. ಎದುರಾಳಿ ಹಿಂದಿನ ವರ್ಷದ ಚಾಂಪಿಯನ್ ಆಫಲಿ. ಮಧ್ಯಂತರದಲ್ಲಿ ಕ್ಲೇರ್ ಹಿಂದಿತ್ತು. ಆದರೂ ಲಾಕ್ನನ್ ಟಿವಿ ಕ್ಯಾಮೆರಾ ಮುಂದೆ ನಾವು ಗೆಲ್ಲುತ್ತೇವೆ ಎಂದು ನೇರವಾಗಿ ಹೇಳಿ ಮೈದಾನಕ್ಕೆ ಮರಳಿದರು. ಕೊನೆಯ ನಿಮಿಷಗಳಲ್ಲಿ ನಾಯಕ ಆಂಥನಿ ಡೇಲಿ ಹೊಡೆದ ಫ್ರೀ ಹೊಡೆತ ಗೋಲಿನ ಚೌಕಟ್ಟಿಗೆ ಬಡಿದು ಹಿಂದಕ್ಕೆ ಬಂತು. ಬದಲಿಯಾಗಿ ಇಳಿದಿದ್ದ ಏಮನ್ ಟಾಫ್ ಅದನ್ನು ಬಲೆಗೆ ನೂಕಿದರು. ಸ್ವಲ್ಪ ಹೊತ್ತಿಗೆ ಗೋಲು ಹೊಡೆದ ಟಾಫ್ ಅವರನ್ನೇ ಲಾಕ್ನನ್ ಹೊರಗೆ ಕರೆದರು. ತಂಡಕ್ಕೆ ಆ ಕ್ಷಣಕ್ಕೆ ಬೇಕಾದದ್ದನ್ನು ಬಿಟ್ಟು ಬೇರೆ ಯಾವುದೂ ಈ ಮ್ಯಾನೇಜರ್ ಲೆಕ್ಕಕ್ಕೆ ಬರುತ್ತಿರಲಿಲ್ಲ. ಕ್ಲೇರ್ 1 ಗೋಲು 13 ಪಾಯಿಂಟ್, ಆಫಲಿ 2 ಗೋಲು 8 ಪಾಯಿಂಟ್. ಒಟ್ಟು 16–14. 81 ವರ್ಷಗಳ ಕಾಯುವಿಕೆ ಅಲ್ಲಿಗೆ ಮುಗಿಯಿತು. 1997ರಲ್ಲಿ ಟಿಪರೆರಿಯನ್ನು ಒಂದೇ ಪಾಯಿಂಟ್‌ನಿಂದ ಮಣಿಸಿ ಮತ್ತೆ ಗೆದ್ದರು.

ಅವರ ಹಟಕ್ಕೆ ಬೆಲೆಯೂ ತೆರಬೇಕಾಯಿತು. 1998ರಲ್ಲಿ ವಾಟರ್‌ಫರ್ಡ್ ಜೊತೆಗಿನ ಮನ್‌ಸ್ಟರ್ ಫೈನಲ್ ಮರುಪಂದ್ಯ ಹೊಡೆದಾಟಕ್ಕೆ ತಿರುಗಿತು. ಕ್ಲೇರ್ ಆಟಗಾರ ಕಾಲಿನ್ ಲಿಂಚ್‌ಗೆ ಮೂರು ತಿಂಗಳ ನಿಷೇಧ ಬಿತ್ತು. ಲಾಕ್ನನ್ ಆಡಳಿತದವರ ಮೇಲೆ ಬಹಿರಂಗವಾಗಿ ಮುಗಿಬಿದ್ದರು. ಆಫಲಿ ಜೊತೆಗಿನ ಸೆಮಿಫೈನಲ್ ಮರುಪಂದ್ಯದಲ್ಲಿ ಕ್ಲೇರ್ ಮುಂದಿದ್ದಾಗ ರೆಫರಿ ಎರಡು ನಿಮಿಷ ಮೊದಲೇ ಕೊನೆಯ ಸೀಟಿ ಊದಿದರು. ಆಫಲಿ ಬೆಂಬಲಿಗರು ಮೈದಾನದಲ್ಲೇ ಕುಳಿತು ಪ್ರತಿಭಟಿಸಿದರು. ಪಂದ್ಯವನ್ನು ಮತ್ತೆ ಆಡಿಸಬೇಕಾಯಿತು; ಥರ್ಲ್ಸ್‌ನಲ್ಲಿ ಮೂರನೇ ಬಾರಿ ಆಡಿದಾಗ ಕ್ಲೇರ್ ಸೋತಿತು. ಆ ವರ್ಷ ಕ್ಲೇರ್‌ಗೆ ಅನ್ಯಾಯವಾಯಿತು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಇಡೀ ವ್ಯವಸ್ಥೆ ತಮ್ಮ ವಿರುದ್ಧವಿದೆ ಎಂಬ ಭಾವನೆಯನ್ನು ಅಷ್ಟು ಬೆಳೆಯಲು ಬಿಟ್ಟದ್ದು ತಪ್ಪು. ಶಾಪದ ನೆಪ ಕಿತ್ತುಹಾಕಿದವರ ಪಾಳೆಯಕ್ಕೆ ಅದು ಇನ್ನೊಂದು ನೆಪವಾಗುವ ಅಪಾಯವಿತ್ತು. 2000ದಲ್ಲಿ ಅವರು ಹುದ್ದೆ ಬಿಟ್ಟರು. ಮುಂದೆ ಗಾಲ್ವೇ ತಂಡದ ಜೊತೆ ಎರಡು ಋತು ದುಡಿದರೂ ಕಪ್ ಬರಲಿಲ್ಲ. ಕ್ಲೇರ್‌ನ ನೋವು ಅವರ ಸ್ವಂತದ್ದು, ಗಾಲ್ವೇಯದು ಅಲ್ಲ. ಅಲ್ಲಿ ಫಲ ಸಿಗದಿರಲು ಅದೇ ಕಾರಣ ಎಂದು ನಾನು ಭಾವಿಸುತ್ತೇನೆ.

ಅವರ ದೊಡ್ಡ ಸಾಧನೆ ಆ ಎರಡು ಕಪ್‌ಗಳಿಗೆ ನಿಲ್ಲುವುದಿಲ್ಲ. 2013ರಲ್ಲಿ ಕ್ಲೇರ್ ಆಲ್ ಐರ್ಲೆಂಡ್ ಗೆದ್ದಾಗ ಮ್ಯಾನೇಜರ್ ಆಗಿದ್ದವರು ಅದೇ ಗೋಲ್‌ಕೀಪರ್ ಡೇವಿ ಫಿಟ್ಜ್‌ಜೆರಾಲ್ಡ್. 2024ರಲ್ಲಿ ಗೆದ್ದಾಗ ಮ್ಯಾನೇಜರ್, 1995ರ ತಂಡದ ಫುಲ್ ಬ್ಯಾಕ್ ಬ್ರಯನ್ ಲೋಹನ್. ಕ್ಲೇರ್ ಇದುವರೆಗೆ ಗೆದ್ದಿರುವುದು ಐದು ಆಲ್ ಐರ್ಲೆಂಡ್. 1914ರದ್ದನ್ನು ಬಿಟ್ಟರೆ ಉಳಿದ ನಾಲ್ಕೂ ಲಾಕ್ನನ್ ಅಥವಾ ಅವರ ಗರಡಿಯ ಹುಡುಗರ ಕೈಯಲ್ಲಿ ಬಂದವು. ಒಳ್ಳೆಯ ಮೇಷ್ಟ್ರನ್ನು ಅವರ ಶಿಷ್ಯರು ಮುಂದೆ ಏನಾದರು ಎಂಬುದರಿಂದ ಅಳೆಯಬೇಕು. ತಂಡ ಕಟ್ಟುವವರು ಯಾರನ್ನು ಕರೆಯಬೇಕೆಂದು ಯೋಚಿಸುವಾಗ ಗೆದ್ದವರ ಪಟ್ಟಿಯನ್ನಷ್ಟೇ ನೋಡಬೇಡಿ. ಸೋತು, ಸೋಲಿನ ಕಾರಣ ತಿಳಿದು, ಅದಕ್ಕೆ ಯಾವ ನೆಪವನ್ನೂ ಹೇಳದವರು ನಿಮ್ಮಲ್ಲೇ ಇರಬಹುದು. ಅವರನ್ನು ಕರೆಯಿರಿ.