ಗಾಳಿ ಸುರಂಗಕ್ಕೆ ಬೀಗ ಹಾಕಬಹುದೇ?

ಬೋಯಿಂಗ್ ಕಂಪನಿ 767 ವಿಮಾನ ರೂಪಿಸುವಾಗ ಗಾಳಿ ಸುರಂಗದಲ್ಲಿ ಪರೀಕ್ಷಿಸಿದ್ದು 77 ರೆಕ್ಕೆಗಳನ್ನು. 787ರ ಕಾಲಕ್ಕೆ ಆ ಸಂಖ್ಯೆ 11ಕ್ಕೆ ಇಳಿದಿತ್ತು. ಉಳಿದ ಕೆಲಸವನ್ನು ಬಹುಮಟ್ಟಿಗೆ ಕಂಪ್ಯೂಟರ್ ವಹಿಸಿಕೊಂಡಿತ್ತು. ಈ ಲೆಕ್ಕ ಹೀಗೇ ಇಳಿಯುತ್ತಾ ಹೋದರೆ ಸುರಂಗವೇ ಬೇಡವಾಗುತ್ತದಲ್ಲ ಎಂದು ಯಾರಾದರೂ ಕೇಳಿದರೆ ತಪ್ಪೇನಿಲ್ಲ.

ವಿಮಾನದ ಸುತ್ತಲಿನ ಗಾಳಿಯನ್ನು ಕೋಟ್ಯಂತರ ಪುಟ್ಟ ಕೋಶಗಳಾಗಿ ಒಡೆದು, ಪ್ರತಿಯೊಂದರಲ್ಲೂ ಒತ್ತಡ, ವೇಗಗಳನ್ನು ಲೆಕ್ಕ ಹಾಕುವ ವಿದ್ಯೆಗೆ ಎಂಜಿನಿಯರುಗಳು ಸಿಎಫ್‌ಡಿ ಎನ್ನುತ್ತಾರೆ. ಅದರ ಅನುಕೂಲ ಸಣ್ಣದಲ್ಲ. ಸುರಂಗಕ್ಕೆ ಲೋಹದ ಮಾದರಿ ಕೊರೆಯಲು ತಿಂಗಳುಗಳು ಬೇಕು. ಕಂಪ್ಯೂಟರಿನಲ್ಲಿ ರೆಕ್ಕೆಯ ಬಾಗನ್ನು ಇವತ್ತು ತಿದ್ದಿ ನಾಳೆ ಫಲಿತಾಂಶ ನೋಡಬಹುದು. ಸುರಂಗವೂ ಅಪ್ಪಟ ಸತ್ಯ ಹೇಳುವುದಿಲ್ಲ. ಅದರ ಗೋಡೆಗಳು, ಮಾದರಿಯನ್ನು ಹಿಡಿದಿರುವ ಸಲಾಕೆ, ಎಲ್ಲವೂ ಗಾಳಿಯ ಹರಿವನ್ನು ಕೆಡಿಸುತ್ತವೆ. ಮಾದರಿ ಚಿಕ್ಕದಾದಷ್ಟೂ ಅದರ ಮೇಲಿನ ಹರಿವು ನಿಜವಾದ ವಿಮಾನದ ಹರಿವಿನಿಂದ ದೂರವಾಗುತ್ತದೆ. ಈ ಅಂತರ ಮುಚ್ಚಲೆಂದೇ ಜರ್ಮನಿಯ ಕಲೋನ್‌ನಲ್ಲಿ ಸಾರಜನಕವನ್ನು ಸೊನ್ನೆಗಿಂತ 160 ಡಿಗ್ರಿ ಕೆಳಗಿನವರೆಗೂ ತಣಿಸಿ ಹರಿಸುವ ಸುರಂಗ ಕಟ್ಟಿದ್ದಾರೆ. ಅದರ ಖರ್ಚನ್ನು ಕೇಳದಿರುವುದೇ ವಾಸಿ.

ಹಾಗಿದ್ದರೂ ಸಿಎಫ್‌ಡಿಗೆ ಒಂದು ದೊಡ್ಡ ತೊಡಕಿದೆ. ಗಾಳಿ ಪ್ರಕ್ಷುಬ್ಧವಾಗಿ ಹರಿಯುವಾಗ ರೆಕ್ಕೆಯಗಲದ ಸುಳಿಗಳ ಜೊತೆಗೆ ಕೂದಲೆಳೆಗಿಂತ ಸಣ್ಣ ಸುಳಿಗಳೂ ಏಳುತ್ತವೆ. ಇಡೀ ವಿಮಾನದ ಸುತ್ತ ಅವನ್ನೆಲ್ಲ ನೇರವಾಗಿ ಲೆಕ್ಕ ಹಾಕುವ ಕಂಪ್ಯೂಟರ್ ಇನ್ನೂ ಹುಟ್ಟಿಲ್ಲ. ಅದಕ್ಕಾಗಿ ಸುಳಿಗಳ ಒಟ್ಟು ಪರಿಣಾಮವನ್ನು ಅಂದಾಜಿಸುವ ಸೂತ್ರಗಳನ್ನು ಬಳಸುತ್ತಾರೆ. 1992ರ ಸ್ಪಾಲಾರ್ಟ್-ಆಲ್ಮರಸ್ ಸೂತ್ರ ಅಂಥದ್ದರಲ್ಲಿ ಹೆಸರುವಾಸಿ. ಆದರೆ ಈ ಸೂತ್ರಗಳೊಳಗಿನ ಸ್ಥಿರಾಂಕಗಳನ್ನು ಹೊಂದಿಸಿದ್ದು ಪ್ರಯೋಗಗಳ ಅಳತೆ ನೋಡಿಕೊಂಡೇ. ಸುರಂಗವನ್ನು ಹಳೆಯದೆಂದು ಹಳಿಯುವವರು ಇದನ್ನು ಮರೆಯುತ್ತಾರೆ.

ಸಮವೇಗದ ಹಾರಾಟದಲ್ಲಿ, ಗಾಳಿ ರೆಕ್ಕೆಗೆ ಅಂಟಿಕೊಂಡು ಹರಿಯುವಾಗ ಸಿಎಫ್‌ಡಿಯನ್ನು ಧೈರ್ಯವಾಗಿ ನಂಬಬಹುದು. ಮೂಗು ಮೇಲೇರಿ, ಗಾಳಿ ರೆಕ್ಕೆಯಿಂದ ಕಿತ್ತುಕೊಂಡು ಸ್ಟಾಲ್, ಅಂದರೆ ರೆಕ್ಕೆಯ ಎತ್ತುವ ಬಲ ಕುಸಿಯುವ ಸ್ಥಿತಿ, ಹತ್ತಿರವಾದಾಗ ಅದೇ ಸೂತ್ರಗಳು ತಡವರಿಸುತ್ತವೆ. ಸಿಎಫ್‌ಡಿ ಕುರಿತು ನಾಸಾ 2014ರಲ್ಲಿ ಹೊರತಂದ ವರದಿಯೇ ಇದನ್ನು ಮುಖ್ಯ ಅಡ್ಡಿ ಎಂದು ಒಪ್ಪಿಕೊಂಡಿತು. ಅಮೆರಿಕದಲ್ಲಿ 2001ರಿಂದ ಡ್ರ್ಯಾಗ್ (ಗಾಳಿ ಒಡ್ಡುವ ಎಳೆತ) ಲೆಕ್ಕದ ಕಾರ್ಯಾಗಾರಗಳು ನಡೆದಿವೆ. ಒಂದೇ ವಿಮಾನದ ಆಕಾರ ಕೊಟ್ಟರೂ ಬೇರೆ ಬೇರೆ ತಂಡಗಳ ಉತ್ತರ ಒಂದೇ ಆಗಿಬಿಡುವುದಿಲ್ಲ. ನನಗೆ ಹೆಚ್ಚು ಅಂಜಿಕೆ ಸಿಎಫ್‌ಡಿಯ ಬಣ್ಣಬಣ್ಣದ ಚಿತ್ರಗಳದ್ದು. ಕೋಶಗಳನ್ನು ಒರಟಾಗಿ ಹೆಣೆದಿದ್ದರೂ ಪರದೆಯ ಮೇಲೆ ಚಿತ್ರ ಅಷ್ಟೇ ಅಂದವಾಗಿ ಮೂಡುತ್ತದೆ.

ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ (ಎನ್‌ಎಎಲ್) ಎರಡೂ ದಾರಿಗಳಿವೆ. 1.2 ಮೀಟರ್ ಸುರಂಗ 1960ರ ದಶಕದಿಂದ ಅಲ್ಲಿದೆ. ತೇಜಸ್ ಯುದ್ಧವಿಮಾನದ ಮಾದರಿಗಳು ಅದರೊಳಗೆ ಗಾಳಿಗೆ ಮೈಯೊಡ್ಡಿವೆ. ಹರಿವಿನ ಲೆಕ್ಕಗಳಿಗೆಂದೇ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರನ್ನು 1986ರಲ್ಲಿ ಕಟ್ಟಿದ್ದೂ ಅಲ್ಲೇ. ಒಂದನ್ನು ಉಳಿಸಲು ಇನ್ನೊಂದನ್ನು ಕೈಬಿಡಬೇಕೆಂದು ಅಲ್ಲಿನವರಿಗೆ ಅನಿಸಲಿಲ್ಲ.

ಸುರಂಗದ ಗಂಟೆಗಳನ್ನು ಇನ್ನಷ್ಟು ಕಡಿತ ಮಾಡಲಿ, ಆಕ್ಷೇಪವಿಲ್ಲ. ನೂರು ಆಕಾರಗಳನ್ನು ಕಂಪ್ಯೂಟರೇ ಜರಡಿ ಹಿಡಿಯಲಿ. ಬೀಗ ಹಾಕುವುದು ಮಾತ್ರ ಬೇಡ. ಅಷ್ಟಕ್ಕೂ ಪ್ರಯಾಣಿಕ ವಿಮಾನಕ್ಕೆ ಪ್ರಮಾಣಪತ್ರ ಬೇಕಾದರೆ, ಇವತ್ತಿಗೂ ಪೈಲಟ್ ಅದನ್ನು ಮೇಲಕ್ಕೆ ಒಯ್ದು ನಿಜವಾಗಿ ಸ್ಟಾಲ್ ಮಾಡಿಯೇ ತೋರಿಸಬೇಕು.